ಇಲ್ಲಿನ ಬಾಗಿಲು

ಬಂಗಾರಪೇಟೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಶಾಂತಮ್ಮ ಕೆಜಿಎಫ್ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಕಾಮಸಮುದ್ರದ ಕಡೆಯ ಒಬ್ಬ ಅಜ್ಜಿ, ಜೊತೆಗೆ ಕಾನೂನು ಓದುವ ಮೊಮ್ಮಗಳು. ಹುಡುಗಿಯ ತೊಡೆಯ ಮೇಲೆ ಮಾನವ ಹಕ್ಕುಗಳ ದಪ್ಪ ಪುಸ್ತಕ ತೆರೆದಿತ್ತು. ಬೇಡವೆಂದರೂ ಅವರ ಮಾತು ಶಾಂತಮ್ಮನ ಕಿವಿಗೆ ಬೀಳುತ್ತಿತ್ತು.

“ನಾಳೆ ಪರೀಕ್ಸೇಲಿ ಏನ್ ಕೇಳ್ತಾರೆ, ರಾಧಾ?”

“ನಮ್ಮ ದೇಶದಲ್ಲಿ ನ್ಯಾಯ ಸಿಗ್ದೇ ಇದ್ರೆ ಹೊರಗಡೆ, ವಿಶ್ವಸಂಸ್ಥೆಗೆ ದೂರು ಕೊಡೋದು ಹೆಂಗೆ ಅಂತ.”

“ಅಷ್ಟು ದೂರದೋರು ನಮ್ಮಂತೋರ ಮಾತು ಕೇಳ್ತಾರಾ?”

“ಕೇಳ್ಬೇಕಂದ್ರೆ ಮೊದ್ಲು ಇಲ್ಲಿನ ಬಾಗಿಲೆಲ್ಲ ತಟ್ಟಿರಬೇಕಜ್ಜಿ. ಠಾಣೆ, ಕೋರ್ಟು, ಎಲ್ಲ. ಅಪ್ಪನ ವಿಷ್ಯದಲ್ಲಿ ನಾವು ಒಂದನ್ನೂ ತಟ್ಟಿಲ್ಲ. ಓದು ಮುಗೀಲಿ, ಅಪ್ಪನ್ನ ಕಕ್ಕಸು ಗುಂಡಿಗೆ ಇಳಿಸಿ ಸಾಯಿಸ್ದೋರ ಮೇಲೆ ನಾನೇ ಕೇಸು ಹಾಕ್ತೀನಿ.”

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಆಗಕಿಲ್ಲ ಕಣಮ್ಮಿ.”

“ಯಾಕೆ?”

“ಬಾವಿ ತಾವ ಕಾಲು ಜಾರಿ ಬಿದ್ದು ಸತ್ತ ಅಂತ ಠಾಣೇಲಿ ಬರೆಸವ್ರೆ.”

“ಯಾರು?”

“ಆ ಗುಂಡಿ ಮನೆ ಸಾವ್ಕಾರ್ರು. ಎಬ್ಬೆಟ್ಟು ಒತ್ತಿದ್ದು ನಾನೇ. ನೀನಾಗ ಆರ್ನೇ ಕ್ಲಾಸು. ಮಗೀನ ಕೊನೇತಂಕ ಓದಿಸ್ತೀನಿ ಅಂದ್ರು. ಏಳಿದಂಗೆ ಓದಿಸ್ತಾ ಅವ್ರೆ.”

ಹುಡುಗಿ ಪುಸ್ತಕ ಮುಚ್ಚಿ, ಅದರ ರಟ್ಟನ್ನು ಸ್ವಲ್ಪ ಹೊತ್ತು ನೋಡಿದಳು.

“ಇದನ್ನೂ ಅವ್ರೇ ಕೊಡ್ಸಿದ್ದಾ ಅಜ್ಜಿ?”

ಅಷ್ಟರಲ್ಲಿ ಕಾಮಸಮುದ್ರದ ಬಸ್ಸು ಬಂತು. ಹುಡುಗಿ ಅಜ್ಜಿಯ ಕೈಹಿಡಿಯದೆ ಒಬ್ಬಳೇ ಮುಂದೆ ಹತ್ತಿದಳು. ಅಜ್ಜಿ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ಎಡಗೈಯಲ್ಲಿ ಕಂಬಿ ಹಿಡಿದು, ಅವಳ ಹಿಂದೆಯೇ ಹತ್ತಿಕೊಂಡಳು.