ಬಸ್ಸಿಳಿದ ಮೇಲಿನ ಒಂದೂವರೆ ಮೈಲಿ

ಮಾನ್ಯ ಅಧ್ಯಕ್ಷರಾದ ಗಂಗಾಧರಸ್ವಾಮಿಯವರೇ, ಮೈಸೂರಿನಿಂದ ಈ ಬಿಸಿಲಿನಲ್ಲಿ ಬಸ್ಸು ಹಿಡಿದು ಬಂದಿರುವ ಮುಖ್ಯ ಅತಿಥಿಗಳೇ, ನಂಜನಗೂಡಿನ ನಮ್ಮ ಚಿತ್ರ ರಸಿಕರ ಬಳಗದ ಗೆಳೆಯರೇ, ಎಡಗಡೆಯ ಕುರ್ಚಿಗಳಲ್ಲಿ ಇದೇ ಮೊದಲ ಸಲ ಕಾಣಿಸಿಕೊಂಡಿರುವ ತಾಯಂದಿರೇ, ಸಭಿಕರೇ,

ಎಪ್ಪತ್ಮೂರರಲ್ಲಿ ಈ ಬಳಗ ಶುರುವಾಯಿತು. ಅಂದಿನಿಂದ ಹತ್ತು ವರ್ಷ, ಈಚೆಗೆ ನೋಡಿದ ಚಿತ್ರದ ಬಗ್ಗೆ ಪ್ರತಿ ತಿಂಗಳೂ ಇದೇ ಮೈಕಿನ ಮುಂದೆ ಅಭಿಪ್ರಾಯ ಹೇಳಿದ್ದೇನೆ. ಅದಕ್ಕಾಗಿ ಇಂದು ಈ ಅನಂತಪದ್ಮನಾಭನಿಗೆ ಶಾಲು ಹೊದಿಸಿದ್ದೀರಿ. ಹದಿನಾರು ಗ್ರಾಮದ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರಿಗೆ ಇಷ್ಟೊಂದು ರಸಿಕತೆ ಎಲ್ಲಿಂದ ಬಂತು ಎಂದು ಅಧ್ಯಕ್ಷರು ಈಗತಾನೇ ಆಶ್ಚರ್ಯಪಟ್ಟರು. ಆ ಪ್ರಶ್ನೆಗೆ ಉತ್ತರ ಹೇಳದೆ ಕೂತುಬಿಟ್ಟರೆ ನನ್ನ ಹುಡುಗರಿಗೆ ಸೊನ್ನೆ ಕೊಡುವ ಹಕ್ಕು ನನಗಿರುವುದಿಲ್ಲ.

ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಸಿನಿಮಾ. ಊಟ ಮುಗಿಸಿ ನಂಜನಗೂಡಿಗೆ ಬಂದು ಮ್ಯಾಟಿನಿ ನೋಡಿ, ಸಂಜೆ ಬಸ್ಸಿಗೆ ವಾಪಸ್ಸು. ಜೊತೆಯಲ್ಲಿ ನೋಡಿದೆವು ಎನ್ನುವುದು ಹೆಸರಿಗೆ ಮಾತ್ರ. ಟಾಕೀಸಿನಲ್ಲಿ ಹೆಂಗಸರ ಕಡೆ ಬೇರೆ, ಗಂಡಸರ ಕಡೆ ಬೇರೆ, ನಡುವೆ ಎದೆಮಟ್ಟದ ಗೋಡೆ. ಬಸ್ಸಿನಲ್ಲಿಯೂ ನಮ್ಮ ಮನೆಯವರು ಮುಂದೆ, ನಾನು ಹಿಂದೆ. ಬಸ್ಸು ನಮ್ಮನ್ನು ರಸ್ತೆಯಲ್ಲಿ ಇಳಿಸಿ ಹೋದ ಮೇಲೆ ಊರಿಗೆ ಒಂದೂವರೆ ಮೈಲಿ ನಡಿಗೆ. ಗಂಡಹೆಂಡಿರು ಅಕ್ಕಪಕ್ಕ ಬರುತ್ತಿದ್ದದ್ದು ಅಲ್ಲಿಯೇ.

ಆ ಹೊತ್ತನ್ನು ಹೇಗೆ ಹೇಳಲಿ? ಎರಡೂ ಕಡೆ ಗದ್ದೆ. ನಾಲೆಯ ನೀರು ಸದ್ದಿಲ್ಲದೆ ನಮ್ಮ ಜೊತೆಗೇ ಬರುತ್ತಿತ್ತು. ಹೊತ್ತು ಮುಳುಗುವ ಬೆಳಕಿನಲ್ಲಿ ಕೊಕ್ಕರೆಗಳು ಕೂಡ ಯಾರೋ ಹೇಳಿಕೊಟ್ಟ ಹಾಗೆ ನಿಧಾನವಾಗಿ ಏಳುತ್ತಿದ್ದವು. ಚಿತ್ರ ಇನ್ನೂ ಮುಗಿದಿಲ್ಲ, ನಾವೂ ಅದರೊಳಗೇ ನಡೆಯುತ್ತಿದ್ದೇವೆ ಎನ್ನಿಸುತ್ತಿತ್ತು. ಆಗ ನಮ್ಮ ಮನೆಯವರು ಮಾತಾಡುತ್ತಿದ್ದರು.

ಒಂದು ಚಿತ್ರದಲ್ಲಿ ಅತ್ತೆ ಕೊನೆಗೆ ಮನಸ್ಸು ಕರಗಿ ಸೊಸೆಗೆ ಸೀರೆ ಕೊಡುತ್ತಾಳೆ. ಗಂಡಸರ ಕಡೆ ನಾವೆಲ್ಲ ಕಣ್ಣೊರೆಸಿಕೊಂಡೆವು. ಇವರು ದಾರಿಯಲ್ಲಿ, "ಆವಮ್ಮ ಸೀರೆ ಮಡಿಕೆ ಬಿಚ್ಚಲೇ ಇಲ್ಲ, ನೋಡಿದ್ರಾ? ಕೊಡೋ ಮನಸ್ಸಿರೋರು ಸೆರಗು ಬಿಚ್ಚಿ ತೋರಿಸ್ತಾರೆ ಕಣ್ರೀ" ಎಂದರು. ಇನ್ನೊಂದರಲ್ಲಿ ನಾಯಕಿ ಹೊಳೆಯಿಂದ ಕೊಡ ಹೊತ್ತು ನಗುನಗುತ್ತಾ ಬರುತ್ತಾಳೆ. "ಅದು ಖಾಲಿ ಕೊಡ. ತುಂಬಿದ ಕೊಡ ಹೊತ್ತೋಳಿಗೆ ಹಾಗೆ ನಗೋಕಾಗಲ್ಲ" ಎಂದರು.

ಸಭಿಕರೇ, ಈ ಮಾತುಗಳನ್ನು ನೀವು ಕೇಳಿದ್ದೀರಿ. ಇದೇ ಜಾಗದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ನನ್ನವೆಂಬಂತೆ ಹೇಳಿದ್ದೇನೆ. ಖಾಲಿ ಕೊಡದ ಮಾತಿಗೆ ಎಷ್ಟು ಹೊತ್ತು ಚಪ್ಪಾಳೆ ಹೊಡೆದಿರಿ! ಆ ಚಪ್ಪಾಳೆಯಲ್ಲಿ ನಾನೇ ಹೊಳೆಯಿಂದ ನೀರು ಹೊತ್ತವನಂತೆ ಬೀಗಿದೆ. ನಮ್ಮ ಮನೆಯಲ್ಲಿ ನಾನು ಒಂದು ಚೊಂಬು ನೀರನ್ನೂ ತಂದವನಲ್ಲ.

ಕಳ್ಳತನ ಎಷ್ಟು ದಿನ ನಡೆದೀತು? ಹೋದ ವರ್ಷ ಕಾರ್ತಿಕದಲ್ಲಿ ಅಧ್ಯಕ್ಷರ ಮನೆಯ ಸುಂದರಮ್ಮನವರು ದೇವಸ್ಥಾನದ ಸಾಲಿನಲ್ಲಿ ನಮ್ಮವರನ್ನು ಕಂಡು, "ನಿಮ್ಮ ಯಜಮಾನ್ರು ಹೆಂಗಸರ ಮನಸ್ಸನ್ನ ಎಷ್ಟು ಚೆನ್ನಾಗಿ ಬಲ್ಲರು ರೀ! ಆ ಖಾಲಿ ಕೊಡದ ಮಾತು!" ಎಂದು, ಅಧ್ಯಕ್ಷರ ಬಾಯಲ್ಲಿ ಕೇಳಿದ್ದನ್ನು ಹೊಗಳಿದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೊಗಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಸ್ವಲ್ಪ ಮಾತ್ರ ಇದೆ.

ಮುಂದಿನ ಸಿನಿಮಾ ಮುಗಿಸಿ ಬಸ್ಸಿಳಿದು, "ಹೇಗಿತ್ತು?" ಎಂದು ಕೇಳಿದೆ. "ಚೆನ್ನಾಗಿತ್ತು" ಎಂದರು. ಅಷ್ಟೇ. ಆಮೇಲೆ ಹನ್ನೊಂದು ತಿಂಗಳು ಎಲ್ಲ ಚಿತ್ರವೂ ಚೆನ್ನಾಗಿತ್ತು. ನಾಯಕ, ನಾಯಕಿ, ಎತ್ತು, ಎಲ್ಲರೂ ಸತ್ತುಹೋದ ಚಿತ್ರವೂ ಚೆನ್ನಾಗಿತ್ತು. ನಾನು ಈ ಸಭೆಗೆ ಬಂದು ಛಾಯಾಗ್ರಹಣ, ಸಮಾಜಕ್ಕೆ ಸಂದೇಶ ಎಂದು ಏನೇನೋ ಒದರಿದೆ. ಬಿಳಿಗೆರೆಯಿಂದ ಬರುವ ನಮ್ಮ ಮಾದಪ್ಪನವರು ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು, "ಯಾಕ್ ಸಾ, ಮೈಗ್ ಉಸಾರಿಲ್ವಾ?" ಎಂದು ಕೇಳಿದರು. ಉಷಾರಿರಲಿಲ್ಲ. ಆ ಒಂದೂವರೆ ಮೈಲಿ ನನಗೆ ಹತ್ತು ಮೈಲಿಯಾಗಿತ್ತು.

ಒಂದು ದಿನ ಅಡುಗೆಮನೆಯ ಹೊಸಲಿನಲ್ಲಿ ನಿಂತು, "ತಪ್ಪಾಯಿತು" ಎಂದೆ. ಅವರು ಒಲೆಯಿಂದ ಮುಖ ತಿರುಗಿಸದೆ ಹೇಳಿದರು: "ನನ್ನ ಮಾತನ್ನ ಮೈಕಲ್ಲಿ ಹೇಳಿದ್ರಿ. ತಪ್ಪಾಯ್ತು ಅನ್ನೋದನ್ನ ಮಾತ್ರ ಅಡುಗೆಮನೇಲಿ ಹೇಳ್ತೀರಲ್ಲ?"

ಮಹನೀಯರೇ, ಲೆಕ್ಕದ ಮೇಷ್ಟ್ರು ನಾನು, ಈ ಲೆಕ್ಕವನ್ನು ಮೈಕಿನ ಮುಂದೆಯೇ ತೀರಿಸಬೇಕೆಂದು ತಿಳಿದುಕೊಂಡೆ. ಅದಕ್ಕೇ ಸನ್ಮಾನದ ಮಾತು ಬಂದಾಗ, ಹೆಂಗಸರನ್ನೂ ಕರೆಯುವುದಾದರೆ ಮಾತ್ರ ಬರುತ್ತೇನೆ ಎಂದು ಹಟ ಹಿಡಿದೆ. ಅದನ್ನು ನನ್ನ ಸುಧಾರಣಾ ಮನೋಭಾವ ಎಂದು ಅಧ್ಯಕ್ಷರು ಹೊಗಳಿದರು. ಅದೂ ತಪ್ಪು ಹೊಗಳಿಕೆ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನಾಲ್ಕು ಜನರ ಮುಂದೆ ನಾನು ಅವರ ಹೆಸರು ಹೇಳಿದವನಲ್ಲ. ಇಂದು ಹೇಳುತ್ತೇನೆ. ಹತ್ತು ವರ್ಷ ನೀವು ಮೆಚ್ಚಿದ ಅಭಿಪ್ರಾಯಗಳು ಜಲಜಮ್ಮನವರವು. ನಾನು ಕದ್ದೆ. ತಪ್ಪಾಯಿತು.

ಚಪ್ಪಾಳೆ ಬೇಡ. ದಯವಿಟ್ಟು ಬೇಡ. ಈಗ ಅದು ಯಾರಿಗೆಂದು ನನಗೆ ತಿಳಿಯುವುದಿಲ್ಲ.

ಕಾರ್ಯಕ್ರಮ ಪಟ್ಟಿಯಲ್ಲಿ ಹೋದ ಭಾನುವಾರ ನೋಡಿದ ಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಎಂದು ಅಚ್ಚಾಗಿದೆ. ಆ ಚಿತ್ರದ ಕೊನೆಯಲ್ಲಿ ಒಬ್ಬಾಕೆ ಬಾಗಿಲು ತೆರೆದು, ಹೊಸಲಿನ ಮೇಲೆ ಬಹಳ ಹೊತ್ತು ನಿಲ್ಲುತ್ತಾಳೆ. ಹೊರಗೆ ಹೊರಟಿದ್ದಾಳೋ, ಹೊರಗಿದ್ದವನನ್ನು ಒಳಗೆ ಕರೆಯುತ್ತಿದ್ದಾಳೋ? ವಾರವೆಲ್ಲ ಯೋಚಿಸಿದೆ, ಹೊಳೆಯಲಿಲ್ಲ. ಇಂದು ಬಸ್ಸಿಳಿದ ಮೇಲೆ ಕೇಳುತ್ತೇನೆ. ಅವರು ಹೇಳದೆಯೂ ಇರಬಹುದು. ಹೇಳಿದರೆ, ನಿಮಗೆ ತಿಳಿಸಬಹುದೋ ಬೇಡವೋ ಎಂದು ಅವರನ್ನೇ ಕೇಳುತ್ತೇನೆ.

ಇಷ್ಟು ಹೊತ್ತು ಸೈರಿಸಿಕೊಂಡ ನಿಮಗೆಲ್ಲ ವಂದನೆಗಳು. ಅಧ್ಯಕ್ಷರು ಕ್ಷಮಿಸಬೇಕು, ವಂದನಾರ್ಪಣೆಯವರೆಗೆ ಕೂರುವುದಕ್ಕೆ ನನಗೆ ಆಗುವುದಿಲ್ಲ. ಎಡಗಡೆ ಮೂರನೇ ಸಾಲಿನಲ್ಲಿ ಒಬ್ಬರು ಚೀಲ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತಿದ್ದಾರೆ, ಈ ಕಡೆಗೇ ನೋಡುತ್ತಿದ್ದಾರೆ. ನಮಸ್ಕಾರ.