ಬಳಿ ಇಡೋ ಕೈ

…ಅಂದಾಕಿ ಬ್ಯಾರೆ ಯಾರೂ ಅಲ್ಲ, ನಮ್ಮ ನೆಗೆಣ್ಣಿ ಶಾಂತವ್ವ, ನನ್ನ ಗಂಡನ ಅಣ್ಣನ ಹೇಣ್ತಿ. ನಾ ಬಳಿ ಬುಟ್ಟಿ ಹೊತ್ತು ಹೊಂಟ ದಿನ ಅಂಗಳದಾಗ ನಿಂತು ಓಣಿಗೆಲ್ಲ ಕೇಳಬೇಕು ಹಂಗ ಅಂದ್ಳು, "ಗಂಡನ್ನ ನುಂಗಿದ ಕೈಲೆ ಬಳಿ ಇಡಾಕ ಹೊಂಟಾಳ ನೋಡ್ರಿ! ಯಾವ ಮುತ್ತೈದಿ ಕೈ ಕೊಡ್ತಾಳಬೇ ನಿನಗ? ಒಂದು ಸಂತಿ ತಾಳಂಗಿಲ್ಲ, ನನ್ನ ಬಾಗಿಲಿಗೇ ಬರ್ತಿ." ನಾ ಏನೂ ಅನ್ನಲಿಲ್ಲ. ಅಲ್ಲಲ್ಲ, ಅಂದೆ. "ಬಂದ್ರ ನಾಯಿ ಬಿಡು" ಅಂದೆ.

ಅದು ಆ ದೊಡ್ಡ ಬರ ಬಿದ್ದಿತ್ತಲ್ಲ, ಎಪ್ಪತ್ತರ ಮ್ಯಾಲ, ಅದು ಕಳೆದ ಮರುವರ್ಷ. ಜಾಲಹಳ್ಳಿ ಕಡಿ ನಮ್ಮೂರಾಗ ನಿಮ್ಮಜ್ಜಗ ಕುರಿ ಹಟ್ಟಿಯಾಗ ಹಾವು ಕಡೀತು, ಹೋದ. ಮಣ್ಣು ಮಾಡಿ ಬಂದವರು ಕಲ್ಲಿಲೆ ನನ್ನ ಬಳಿ ಒಡದ್ರು, ರಕ್ತ ಬಂತು, ಯಾರೂ ನೋಡಲಿಲ್ಲ. ಕುರಿ ಭಾವ ಹೊಡಕೊಂಡು ಹೋದ, "ಹೆಂಗಸು ಕುರಿ ಕಾಯ್ತಾಳೇನು?" ಅಂದು. ಬಗಲಾಗ ನಿಮ್ಮವ್ವ, ಇನ್ನೂ ಮೊಲಿ ಬಿಟ್ಟಿದ್ದಿಲ್ಲ. ಆಗ ದೇವದುರ್ಗದಾಗ ಬಳಿಗಾರ ಖಾಜಾಬಿ ಇದ್ಳು, ಮುದುಕಿ, ಮಣಕಾಲು ಹೋಗಿದ್ವು, ಬುಟ್ಟಿ ಹೊರಾಕ ಒಬ್ಬಾಕಿ ಬೇಕಿತ್ತು. ಹೋದೆ. ಹೊತ್ತೆ. ಹೊತ್ಕೊಂತ ಹೊತ್ಕೊಂತ ಬಳಿ ಇಡೋದು ಕಲ್ತೆ. ಕೈ ಹಿಂಡಬಾರದು ನೋಡ್ರಿ, ಹೆಬ್ಬಟ್ಟು ಒಳಗ ಮಡಚಬೇಕು, "ತವರುಮನಿ ಯಾವುದವ್ವ?" ಅಂತ ಕೇಳಬೇಕು. ಆಕಿ ಹೇಳೋದರಾಗ ಗಾಜು ಗೆಣ್ಣು ದಾಟಿರ್ತದ. ಖಾಜಾಬಿ ಅಂತಿದ್ಳು, "ಬೇಟಿ, ಗಾಜಿಗೇನು ಗೊತ್ತದ ಇಡೋ ಕೈ ಯಾರದಂತ?"

ಗಾಜಿಗೆ ಗೊತ್ತಿಲ್ಲ. ಊರಿಗೆ ಗೊತ್ತಿತ್ತು. ನೀವು ಈಗಿನವರು, ನಿಮಗ ಗೊತ್ತಿರಲಿಕ್ಕಿಲ್ಲ, ಬಳಿ ಇಡಿಸ್ಕೊಂಡಾಕಿ ಬಳಿ ಇಟ್ಟವರಿಗೆ ನಮಸ್ಕಾರ ಮಾಡಬೇಕು, ಅವರು "ಮುತ್ತೈದಿಯಾಗಿ ಬಾಳವ್ವ" ಅನ್ನಬೇಕು. ಯಾವ ಜಾತಿಯವರಿರಲಿ, ಮಾಡಲೇಬೇಕು. ಗಂಡ ಸತ್ತ ರಂಡಿಗೆ ಯಾವಾಕಿ ಮಾಡ್ತಾಳ? ಖಾಜಾಬಿ ಬರದಂಗಾದ ಮ್ಯಾಲ ನಾನೊಬ್ಬಾಕಿನೇ ಬುಟ್ಟಿ ಹೊತ್ತು ತಿರುಗಿದೆ. ಪಂಚಮಿ ಮುಂದ ಗೌಡ್ರ ಸೊಸಿ ಕೈ ಚಾಚಿದ್ಳು, ಕುಂಕುಮಿಲ್ಲದ ನನ್ನ ಹಣಿ ನೋಡಿದ್ಳು, ದಸಕ್ಕನ ಕೈ ಎಳಕೊಂಡ್ಳು. ಬಳಿ ನನ್ನ ಬೆರಳಾಗ ಒಡೀತು. ಗೌಡಸಾನಿ ಒಳಗಿಂದ ಓಡಿ ಬಂದು, "ಹಬ್ಬದ ಮುಂದ ನನ್ನ ಸೊಸಿ ಬಳಿ ಒಡದ್ಳು ಮುಂಡಿ, ಏಳಬೇ ಕಟ್ಟಿ ಮ್ಯಾಲಿಂದ!" ಅಂದ್ಳು. ನಾ ಕುಂತಿದ್ದ ಕಟ್ಟಿಗೆ ಸಗಣಿ ನೀರು ಹೊಡಿಸಿದ್ಳು, ನಾ ಇನ್ನೂ ಬುಟ್ಟಿ ಎತ್ತಿದ್ದಿಲ್ಲ, ಬುಟ್ಟಿಗೂ ಬಿತ್ತು. ಗಿರಾಕಿ ಇಲ್ಲದಾಗ ಏನು ಮಾಡಲಿ? ರಾಯಚೂರಿಂದ ಬಳಿ ಪೇಪರಿನಾಗ ಸುತ್ತಿ ಬರ್ತಿದ್ವು, ಆ ಪೇಪರ್ ಬಿಡಿಸಿ ಅಕ್ಷರ ಕೂಡಿಸ್ತಿದ್ದೆ. ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ ನಾನು. ಸಿಟ್ಟಿಲೆ ಓದಾಕ ಕಲ್ತಾಕಿ.

ಹಾಂ, ನಮ್ಮೂರ ದೇವಿ ಎಲ್ಲವ್ವನ ಮಾತು ಹೇಳ್ತೀನಿ. ಹೊಸ್ತಿಲ ಹುಣ್ಣಿಮಿ ದಿನ ಎಲ್ಲವ್ವನ ಗಂಡ ಸತ್ತ ಅಂತ ದೇವಿ ಕುಂಕುಮ ಅಳಸ್ತಾರ, ಬಳಿ ತಗೀತಾರ, ದೇವಿಗೆ ಬಿಟ್ಟ ಜೋಗತೇರೂ ತಮ್ಮ ಬಳಿ ಒಡಕೊಂತಾರ. ರಂಡಿ ಹುಣ್ಣಿಮಿ ಅಂತಾರ ಅದಕ್ಕ. ಮುಂದ ಭಾರತ ಹುಣ್ಣಿಮಿಗೆ ಗಂಡ ಎದ್ದು ಬಂದ ಅಂತ ದೇವಿಗೆ ಮತ್ತ ಹಸಿರು ಬಳಿ, ಜೋಗತೇರಿಗೆ ಬಳಿ, ಊರ ಹೆಣ್ಮಕ್ಕಳಿಗೆಲ್ಲ ಬಳಿ. ಆ ವರ್ಷ ಖಾಜಾಬಿ ಹಾಸಿಗಿ ಹಿಡಿದಿದ್ಳು, ಬ್ಯಾರೆ ಬಳಿಗಾರ ಯಾರೂ ಬರಲಿಲ್ಲ. ಗುಡಿ ಮುಂದ ಹಸಿರು ಬಳಿ ಇದ್ದದ್ದು ನನ್ನ ಬುಟ್ಟಿಯಾಗಷ್ಟ. ಪೂಜಾರಿ ದೂರ ನಿಂತು, "ಬಳಿ ಅಲ್ಲಿಟ್ಟು ರೊಕ್ಕ ತಗೊಂಡು ಹೋಗಬೇ, ನಾವು ಇಟ್ಕೊಂತೀವಿ" ಅಂದ.

"ಬರೇ ಬಳಿ ಮಾರಂಗಿಲ್ಲ ನಾನು. ಇಡ್ತೀನಿ. ಬೇಕಾದ್ರ ಕೈ ಕೊಡ್ರಿ, ಇಲ್ಲಾಂದ್ರ ಬುಟ್ಟಿ ಮನಿಗೆ ಹೋಗ್ತದ" ಅಂದೆ. ಮನಿಯಾಗ ಜ್ವಾಳ ಇದ್ದಿಲ್ಲ, ಕೂಸು ಹಸದು ಅಳಾಕತ್ತಿತ್ತು, ಆದ್ರೂ ಅಂದೆ. ಅವತ್ತು ರೊಕ್ಕ ತಗೊಂಡು ಎದ್ದಿದ್ರ ಜಲ್ಮಪೂರ್ತಿ ಹಿತ್ತಲದಾಗಿಂದ ಬಳಿ ಕೊಟ್ಟು ಹೋಗೋದ ಆಗ್ತಿತ್ತು.

ಗೌಡಸಾನಿ ಮುಂದ ಬಂದ್ಳು. "ದೇವಿ ಮುಂದ ಸೊಕ್ಕೇನ? ಹುಳ ಬಿದ್ದು ಸಾಯ್ತಿ!"

"ಹುಳ ಬಿದ್ದಾಗ ನೋಡೋಣಂತ, ಗೌಡಸಾನಿ. ಈ ದೇವಿ ಕುಂಕುಮ ಅಳಿಸಿದವರು ನೀವ. ಬಳಿ ತಗದವರು ನೀವ. ಆಕಿ ರಂಡಿ ಆಗಿದ್ದಾಗ ಕಾಲಿಗೆ ಬಿದ್ರೋ ಇಲ್ಲೋ? ಆಕಿ ಕಟ್ಟಿಗೆ ಸಗಣಿ ನೀರು ಹೊಡಿಸಿದ್ರೇನ?"

ಆಗ ಮುದಿ ಜೋಗತಿ ದುರ್ಗವ್ವ, ದೇವಿ ಬುಟ್ಟಿ ಹೊರೋ ಹಿರಿಯಾಕಿ, ತಂಬಾಕ ಉಗುಳಿ ಕಿಸಕ್ಕನ ನಕ್ಕಳು. "ದೇವಿಗೆ ಹೊತ್ತಾತು, ಜಗಳ ಆಮ್ಯಾಲ ಮಾಡ್ರಿ. ಇಡಬೇ" ಅಂದು ನನ್ನ ಮುಂದ ಕುಂತು ಎರಡೂ ಕೈ ಚಾಚಿದ್ಳು. ಕೊರಡಿನಂಥ ಕೈ ಅವು. ಇಟ್ಟೆ. ಎದ್ದು ನಿಂತಾಕಿ ಎಲ್ಲಾರ ಮುಂದ ನನಗ ನಮಸ್ಕಾರ ಮಾಡಿದ್ಳು. ನನಗ ಮುತ್ತೈದಿಯಾಗಿ ಬಾಳು ಅನ್ನಾಕ ಬಾಯಿ ಬರಲಿಲ್ಲ, "ಉಂಡು ಉಟ್ಟು ಬಾಳವ್ವ" ಅಂದೆ. ಇವತ್ತಿಗೂ ಹಂಗ ಅಂತೀನಿ. ಗರ್ಭಗುಡಿಯಾಗ ನನ್ನ ಬಿಡಲಿಲ್ಲ, ದೇವಿಗೆ ಪೂಜಾರಿನೇ ಬಳಿ ಏರಿಸಿದ. ಇರಲಿ. ಜೋಗತೇರು ಬಂದ್ರು, ಅವರ ಹಿಂದ ಹೊಲಕ್ಕ ಹೋಗೋ ಹೆಣ್ಮಕ್ಕಳು ಬಂದ್ರು, ಮಾರಿ ಆ ಕಡಿ ತಿರುವಿ ಕೈ ಈ ಕಡಿ ಕೊಟ್ರು. ಗೌಡಸಾನಿ ಸೊಸೀನ ಎಳಕೊಂಡು ಮನಿಗೆ ಹೋದ್ಳು.

ಮರುದಿನ ಗೌಡ್ರ ಆಳು ಬಂದು ಬುಟ್ಟಿ ಒದ್ದ. ತುಳದ. "ಊರು ಬಿಡು ಅಂದಾರ" ಅಂದ. ಭಾವ ಹೊಸ್ತಿಲದಾಗ ನಿಂತು ಬೀಡಿ ಸೇದಿದ, ಸೇದಿದ ಅಷ್ಟ. ಒಡೀಲಾರದ್ದು ಆರಿಸಿ ಸೆರಗಿನಾಗ ಕಟ್ಟಿಕೊಂಡು ಕೂಸು ಬಗಲಾಗ ಹಾಕ್ಕೊಂಡು ಮಾನ್ವಿ ಬಸ್ ಹತ್ತಿದೆ. ಮಾನ್ವಿ ಬಸ್‌ಸ್ಟ್ಯಾಂಡಿನ ಬಾಜೂಕ ಗೋಣಿ ತಟ್ಟು ಹಾಸಿ ಕುಂತೆ. ಅಲ್ಲಿ ಮಂದಿ ಒಳ್ಳೇವ್ರು ಅಂತ ತಿಳೀಬ್ಯಾಡ್ರಿ. ಅವಸರದ ಮಂದಿ. ಡ್ರೈವರ್ ಹಾರನ್ ಹೊಡೀತಿರ್ತಾನ, "ಲಗೂನ ಇಡವ್ವ, ಬಾಗಲವಾಡ ಬಸ್ ಹೋಗ್ತದ" ಅಂತಾರ, ಹಣಿ ನೋಡಾಕ ಹೊತ್ತೆಲ್ಲಿ? ನೋಡಿದವರು ಥೂ ಅಂದು ಎದ್ದು ಹೋದ್ರು. ಹೋಗ್ಲಿ. ಬಸ್ ದಿನಾ ಬರ್ತಿದ್ವು.

ಈಗ ಏನದ ಕೇಳ್ರಿ. ಅದೇ ರಸ್ತೆದಾಗ ಅಂಗಡಿ ನನ್ನದು, ಬೋರ್ಡಿನ ಮ್ಯಾಲ ಹೆಸರು ನನ್ನದು, ಓದಿಕೊಂಡು ಬೀಗ ತಗೀತೀನಿ. ಈ ಮಾಳಗಿ ನನ್ನದು, ನೀವು ಕುಂತ ಕಟ್ಟಿ ನನ್ನದು. ನಿಮ್ಮವ್ವನ ಕುಬಸ ಆತಲ್ಲ, ನೀ ಹೊಟ್ಟ್ಯಾಗ ಇದ್ದಿ ಗಿರಿಜಾ, ಬೀಗರು ನನ್ನ ಅಂಗಡಿಯಾಗಿಂದ ಚಲೋ ಹಸಿರು ಬಳಿನೇ ತರಿಸಿದ್ರು, ಬ್ಯಾರೆ ಬಳಿಗಾರ್ತೀನ ಕರಿಸಿ ಇಡಿಸಿದ್ರು. ನಾನು ಅಡಗಿಮನ್ಯಾಗ ಹೋಳಿಗಿ ಬೇಯಿಸ್ಕೊಂತ ಬಳಿ ಸಪ್ಪಳ ಕೇಳಿದೆ. ಆಕಿ ಹಿಂಡಿ ಇಡಾಕತ್ತಿದ್ಳು, ನಿಮ್ಮವ್ವ ಎರಡು ಸಲ "ಯವ್ವಾ" ಅಂದ್ಳು. ನಿಮ್ಮವ್ವನೂ ನನ್ನ ಕರೀರಿ ಅನ್ನಲಿಲ್ಲ. ಊರ ಹೆಣ್ಮಕ್ಕಳಿಗೆಲ್ಲ ಬಳಿ ಇಟ್ಟೀನಿ, ಹಡದ ಮಗಳ ಕೈ ಹಿಡೀಲಿಲ್ಲ. ಇಷ್ಟು ಕೊಟ್ಟು ಆ ಅಂಗಡಿ, ಈ ಮಾಳಗಿ ತಗೊಂಡೀನಿ. ಹೂಂ, ಏಳ್ರಿ ಇನ್ನ, ರೊಟ್ಟಿ ಆರ್ತಾವ. ಕೈ ಚಾಚೋದಿದ್ರ ಬಳಿ ಇಡಿಸ್ಕೊಳ್ಳಾಕ ಚಾಚ್ರಿ, ಬೇಡಾಕ ಚಾಚಬ್ಯಾಡ್ರಿ.