ಹಿಂದುಮುಂದಾದ ರೀಲು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ನಡುವಯಸ್ಸಿನ ಅಕ್ಕತಂಗಿಯರು ಕೂತಿದ್ದರು. ಒಳಗೆ ಅವರ ಅಪ್ಪನಿಗೆ ಪೊರೆ ತೆಗೆಯುತ್ತಿದ್ದರು.

“ಅಕ್ಕಾ, ನಿನ್ನೆ ಟಿವೀಲಿ ನಮ್ಮ ಆ ಸಿನಿಮಾ ಬಂದಿತ್ತು ಕಣೇ. ಸ್ಕೂಲು ಮುಗಿಸಿದ ಹುಡುಗರ ತಮಾಷೆದು.”

“ಅಪ್ಪ ಆಪರೇಟರ್ ಆಗಿದ್ದ ಟಾಕೀಸಲ್ಲಿ ನಾಲ್ಕೇ ದಿನ ಓಡಿತಲ್ಲ, ಅದಾ?”

“ಅದೇ. ಕೊನೇಲಿ ಏನಾಗುತ್ತೆ ಹೇಳು?”

“ಎಲ್ಲರೂ ಕಾಂಪೌಂಡ್ ಮೇಲೆ ಕೂತು, ಕದ್ದ ಸೀಬೆಕಾಯಿ ತಿಂತಾ ನಗ್ತಾರೆ.”

“ಅದು ನಡುವೆ ಬರೋದು! ಕೊನೇಲಿ ಸ್ಟೇಷನ್ನಲ್ಲಿ ಒಬ್ಬೊಬ್ಬರೂ ಒಂದೊಂದು ರೈಲು ಹತ್ತಿ ಹೋಗ್ಬಿಡ್ತಾರೆ. ನಾನು ಗೊಳೋ ಅಂತ ಅತ್ತೆ.”

“ಸ್ಟೇಷನ್ ಸೀನು ಮೊದಲೇ ಬಂತಲ್ಲ? ಹೋದೋರು ವಾಪಸ್ ಬಂದ್ರು ಅಂದ್ಕೊಂಡಿದ್ದೆ!”

“ಹಾಗಾದ್ರೆ ಅವತ್ತು ಅಪ್ಪ ರೀಲು ಹಿಂದುಮುಂದು ಹಾಕ್ಬಿಟ್ಟಿದ್ದಾರೆ.”

“ಅಪ್ಪನಾ? ಛೆ, ಸಾಧ್ಯವೇ ಇಲ್ಲ.”

ಬಾಗಿಲು ತೆರೆಯಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಪ್ಪ ಬಂದರು. ತಂಗಿಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟಳು.

“ತಪ್ಪಿ ಹಾಕಿದ್ದಲ್ಲಮ್ಮ, ಬೇಕಂತಲೇ ಹಾಕಿದ್ದು.”

“ಜನ ಗಲಾಟೆ ಮಾಡ್ಲಿಲ್ವಾ?”

“ಯಾವ ಜನ? ಇದ್ದದ್ದು ನೀವಿಬ್ಬರು, ಗೇಟ್‌ಕೀಪರು. ಅವನೂ ನಿದ್ದೆ ಹೊಡೀತಿದ್ದ. ಮಾರನೇ ಬೆಳಿಗ್ಗೆ ನಿಮ್ಮಕ್ಕ ಹಾಸ್ಟೆಲ್‌ಗೆ ಹೊರಟಿದ್ದಳು. ಅಳಿಸಿ ಕಳಿಸ್ಬೇಕಿತ್ತಾ?”

ಅಕ್ಕ ಬಗ್ಗಿ ಅಪ್ಪನ ಚಪ್ಪಲಿಯನ್ನು ಕಾಲಿಗೆ ಸಿಕ್ಕಿಸಿ, ತೋಳು ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದಳು.